ಬೆಂಗ್ರೆಗೆ ಬಂದ ನರಿ

ಆ ಕಾಲದಲ್ಲಿ ದೇರೆಬೈಲಿನಲ್ಲಿ ಪೂವಪ್ಪ ಎಂಬ ಹೆಸರಿನವರು ಮೂವರಿದ್ದರು. ಒಬ್ಬ ಗಾಡಿ ಪೂವಪ್ಪ, ಒಬ್ಬ ಅಂಗಡಿ ಪೂವಪ್ಪ, ಇನ್ನೊಬ್ಬ ಕುದ್ಕೆ ಪೂವಪ್ಪ. ಮೊದಲಿನವನಿಗೆ ಎತ್ತಿನ ಗಾಡಿಯಿತ್ತು, ಎರಡನೆಯವನಿಗೆ ಅಂಗಡಿಯಿತ್ತು, ಅವರ ಹೆಸರು ಕೇಳಿ ಯಾರೂ ನಗುತ್ತಿರಲಿಲ್ಲ. ಕುದ್ಕೆ ಎಂದರೆ ತುಳುವಿನಲ್ಲಿ ನರಿ. ಮೂರನೆಯ ಪೂವಪ್ಪ ನರಿ ಹಿಡಿಯುವವನು.

ಗೆಣಸಿನ ಗದ್ದೆಗೆ ನರಿ ನುಗ್ಗಿದರೆ, ಸೌತೆಯ ಬಳ್ಳಿ ಕೆದಕಿದರೆ, ಯಾರದಾದರೂ ಗೂಡಿನ ಕೋಳಿ ಕಾಣೆಯಾದರೆ ಜನ ಅವನ ಮನೆಯ ಅಂಗಳಕ್ಕೇ ಬರುತ್ತಿದ್ದರು. ಕೆಲಸ ಆಗುವವರೆಗೆ ‘ಪೂವಪ್ಪಣ್ಣ’, ನರಿ ಸಿಕ್ಕಿದ ಮಾರನೆಯ ದಿನದಿಂದ ಮತ್ತೆ ‘ಕುದ್ಕೆ’. ಊರೆಂದರೆ ಹಾಗೆಯೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೆ?

ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ‘ಉರುಳು ಕಟ್ಟುವುದು ಕೈಯ ಕೆಲಸ, ಜಾಗ ನೋಡುವುದೇ ಬೇಟೆ’ ಎಂದು ಅವನ ಅಪ್ಪ ಹೇಳುತ್ತಿದ್ದರು. ಹಾಗಾಗಿ ಪೂವಪ್ಪ ಮೊದಲು ಬರಿಗೈಯಲ್ಲಿ ನೆಲ ಸುತ್ತುತ್ತಿದ್ದ. ನರಿ ಎಲ್ಲಿ ನೀರು ಕುಡಿಯುತ್ತದೆ, ಎಲ್ಲಿ ಬೇಲಿ ನುಸುಳುತ್ತದೆ, ಗಾಳಿ ಯಾವ ಹೊತ್ತಿಗೆ ಯಾವ ಕಡೆಯಿಂದ ಬರುತ್ತದೆ, ಎಲ್ಲ ನೋಡಿಯಾದ ಮೇಲೆಯೇ ಹಗ್ಗಕ್ಕೆ ಕೈಹಾಕುವುದು. ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರಲ್ಲ, ಪೂವಪ್ಪನಷ್ಟು ನರಿಯ ಮುಖ ನೋಡಿದವರು ಮಂಗಳೂರಿನಲ್ಲೇ ಇರಲಿಕ್ಕಿಲ್ಲ. ಅದೃಷ್ಟ ಮಾತ್ರ ಅವನ ಮನೆಯ ದಾರಿ ಹಿಡಿದಿರಲಿಲ್ಲ.

ಅವನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ, ಇದ್ದದ್ದು ಒಂದೇ. ವರ್ಷಕ್ಕೊಮ್ಮೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗುವ ದಿನಗಳು ಅವು, ಆಗ ಯಾರೂ ನೆಲಕ್ಕೆ ನೇಗಿಲು ತಾಗಿಸುವುದಿಲ್ಲ, ಹಾರೆ ಹಾಕುವುದಿಲ್ಲ. ಹೆಂಗಸರು ಅಕ್ಕಿ ಹುರಿದು ಪುಡಿಮಾಡಿ ಬೆಲ್ಲ ಕಲಸುತ್ತಾರೆ, ಗಂಡಸರು ಸಾಲಾಗಿ ಬೇಟೆಗೆ ಹೊರಡುತ್ತಾರೆ. ಆ ಸಾಲಿನ ಮುಂದುಗಡೆ ನಡೆಯುವವನು ಭಾವ ಲೋಕಯ್ಯ, ಹೆಗಲ ಮೇಲೆ ಕೋವಿ. ಪೂವಪ್ಪನ ಜಾಗ ಸಾಲಿನ ಬಾಲದಲ್ಲಿ, ನಾಯಿಗಳ ಹಗ್ಗ ಹಿಡಿದುಕೊಂಡು. ಒಮ್ಮೆಯಾದರೂ ಆ ಸಾಲಿನ ಮುಂದೆ ನಡೆಯಬೇಕು ಎಂಬುದೇ ಅವನ ಆಸೆ.

ಹಿಂದಿನ ವರ್ಷ ಬಾಯಿಬಿಟ್ಟು ಕೇಳಿಯೂ ಕೇಳಿದ್ದ. ಲೋಕಯ್ಯ ಹತ್ತು ಮಂದಿಯ ಎದುರಿಗೆ, ಅದೂ ಕನ್ನಡದಲ್ಲಿ, “ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಹಾಗಾದೀತು ಭಾವ” ಎಂದುಬಿಟ್ಟ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೂವಪ್ಪನೂ ನಕ್ಕ, ನಗದೆ ಎಂತ ಮಾಡುವುದು? ಆದರೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಉಳಿಯಿತು.

ಲೋಕಯ್ಯ ಪೂವಪ್ಪನ ಹೆಂಡತಿ ವಾರಿಜಾಕ್ಷಿಯ ಅಣ್ಣ, ಸರಕಾರಿ ಕಚೇರಿಯಲ್ಲಿ ಜವಾನ. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಏರಿತೆಂದರೆ ಅವನ ಬಾಯಿಂದ ತುಳು ಹೊರಡುವುದಿಲ್ಲ. ಮೀನು ಮಾರುವವಳ ಹತ್ತಿರವೂ ಕನ್ನಡ, ಮನೆಯ ನಾಯಿಯ ಹತ್ತಿರವೂ ಕನ್ನಡ. ಆ ನಾಯಿ ಕರೆದರೆ ಬರುತ್ತಿರಲಿಲ್ಲ, ಪಾಪ, ಅದರ ತಪ್ಪಲ್ಲ.

ಕೆಡ್ಡಸ ಹತ್ತಿರ ಬಂದಿತ್ತು. ಒಂದು ಸಂಜೆ ಲೋಕಯ್ಯ ಬಿಲ್ಲೆ ಸಮೇತ ತಂಗಿಯ ಮನೆಯ ಜಗಲಿಯಲ್ಲಿ ಕುಳಿತು ಹೇಳಿದ.

“ಭಾವ, ಬೆಂಗ್ರೆಯಲ್ಲಿ ನರಿಯ ಉಪದ್ರ ಉಂಟಂತೆ. ಇದಿನಬ್ಬ ಬ್ಯಾರಿಗಳು ಕಚೇರಿಗೇ ಬಂದು ನನ್ನನ್ನು ಕರೆದರು. ನರಿಗೆಲ್ಲ ನಾನು ಹೋಗುವುದುಂಟಾ? ನಿನ್ನ ಹೆಸರು ಹೇಳಿದ್ದೇನೆ. ನಾಳೆ ಹೋಗಿ ಬಾ.”

ವಾರಿಜಾಕ್ಷಿ ಒಳಗಿನಿಂದಲೇ ಕೇಳಿದಳು, “ನಿನ್ನ ಮರ್ಯಾದೆಗೆ ಕಡಿಮೆ ಆಗುವ ಕೆಲಸ ಇವರಿಗೆ ಸಾಕು ಅಂತಲಾ ಅಣ್ಣ?”

ಲೋಕಯ್ಯನಿಗೆ ಆ ಪ್ರಶ್ನೆ ಕೇಳಿಸಲಿಲ್ಲ. ಕೇಳಿಸಬಾರದ್ದು ಅವನಿಗೆ ಯಾವತ್ತೂ ಕೇಳಿಸುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪೂವಪ್ಪ ಉರುಳಿನ ಹಗ್ಗದ ಕಟ್ಟು ಹೆಗಲಿಗೆ ಹಾಕಿಕೊಂಡು, ತನ್ನ ನಾಯಿ ಬೊಳ್ಳನನ್ನು ಕರೆದುಕೊಂಡು ದೋಣಿ ನಿಲ್ಲುವ ಬಂದರಿನ ದಕ್ಕೆಗೆ ಇಳಿದ. ಬೆಂಗ್ರೆ ಹೊಳೆಯ ಆಚೆ ಇರುವ ಮರಳಿನ ಉದ್ದ ನಾಲಿಗೆ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಹೋಗಬೇಕಾದರೆ ದೋಣಿಯೇ ಗತಿ. ಹಗ್ಗ ಹೆಗಲಿಗೇರಿದ ಮೇಲೆ ಬೇಟೆಯ ಪ್ರಾಣಿಯ ಹೆಸರು ಎತ್ತಬಾರದು ಎಂಬುದು ಅವನ ಅಪ್ಪನ ಕ್ರಮ. ಹೆಸರು ಹೇಳಿದರೆ ಅದಕ್ಕೆ ಕೇಳಿಸುತ್ತದಂತೆ. ಪೂವಪ್ಪ ಆ ಕ್ರಮ ಒಮ್ಮೆಯೂ ಮುರಿದವನಲ್ಲ.

ದೋಣಿಯ ಹಾಶಿಂ ಅವನನ್ನು ಕಂಡದ್ದೇ ಎದ್ದು ನಿಂತ. ಗೋಣಿ ಮಡಚಿ ಹಾಸಿ ಕೂರಿಸಿದ. ಕೊಟ್ಟ ಕಾಸು ಕೈಯಿಂದ ಮುಟ್ಟಲೇ ಇಲ್ಲ. ಹೊಳೆಯ ನಡುವಿಗೆ ಬಂದಾಗ ಮೆಲ್ಲಗೆ ತುಳುವಿನಲ್ಲಿ ಮಾತು ತೆಗೆದ.

“ಒಬ್ಬರೇ ಬಂದದ್ದಾ ಅಣ್ಣೆರೆ?”

“ಮತ್ತೆ? ಇದಕ್ಕೆ ಊರು ಕಟ್ಟಿಕೊಂಡು ಬರಬೇಕಾ?”

“ಕೋವಿ ಇಲ್ವಾ?”

“ಕೋವಿ ಎಂತಕ್ಕೆ ಮಾರಾಯ? ಹಗ್ಗ ಉಂಟಲ್ಲ.”

ಹಾಶಿಂನ ಹುಟ್ಟು ನೀರಿಗೆ ಬೀಳದೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ದಡ ಮುಟ್ಟುವವರೆಗೆ ಪೂವಪ್ಪನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ.

ದಡದಲ್ಲಿ ಬೆಂಗ್ರೆಯ ಗಂಡಸರೆಲ್ಲ ಸೇರಿದ್ದರು. ಇದಿನಬ್ಬ ಬ್ಯಾರಿಗಳು ಮೀನು ಒಣಗಿಸಿ ಮಾರುವ ವ್ಯಾಪಾರಿ, ಬೆಂಗ್ರೆಯಲ್ಲಿ ಅವರ ಮಾತೇ ಮಾತು. ಅವರು ಕೋಟು ಹಾಕಿಕೊಂಡು ಬಂದು ಪೂವಪ್ಪನ ಕೈ ಹಿಡಿದು ಇಳಿಸಿದರು. ಅಂಗಳದಲ್ಲಿ ಕೈಯಿರುವ ಕುರ್ಚಿ. ಪೂವಪ್ಪ ಅಂಥ ಕುರ್ಚಿಯನ್ನು ಕಂಡಿದ್ದ, ಕುಳಿತಿರಲಿಲ್ಲ. ಕುಳಿತ ಮೇಲೆ ಕೈಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಮೊದಲು ಮಡಿಲಲ್ಲಿಟ್ಟ, ಆಮೇಲೆ ಧೈರ್ಯ ಮಾಡಿ ಕುರ್ಚಿಯ ಕೈಗಳ ಮೇಲಿಟ್ಟ. ಚೆನ್ನಾಗಿಯೇ ಇತ್ತು. ಯಾರೋ ಎಳನೀರಿನ ಬೊಂಡ ಕೆತ್ತಿ ಕೊಟ್ಟರು.

“ನಿಮ್ಮ ಅಪ್ಪನೂ ಇದನ್ನೇ ಹಿಡಿಯುತ್ತಿದ್ದರಾ?” ಎಂದು ಇದಿನಬ್ಬ ಕೇಳಿದರು.

“ಅವರ ಲೆಕ್ಕ ಇಟ್ಟವರಿಲ್ಲ ಬ್ಯಾರಿಗಳೇ. ನನಗೂ ಸಣ್ಣಂದಿನಿಂದ ಇದೇ ಕೆಲಸ. ಒಂದು ಸಲ ಮರಿ ಸಿಕ್ಕಿತ್ತು, ಕೊಲ್ಲಲಿಕ್ಕೆ ಮನಸ್ಸು ಬರಲಿಲ್ಲ, ಮನೆಗೆ ತಂದೆ. ನನ್ನ ಮಗಳು ಅದನ್ನು ಮಡಿಲಲ್ಲಿ ಹಾಕಿಕೊಂಡು ಹಾಲು ಕುಡಿಸುತ್ತಿದ್ದಳು.”

ಸೇರಿದವರ ಬಾಯಿಂದ ಒಟ್ಟಿಗೇ “ಯಾ ಅಲ್ಲಾಹ್” ಎಂದು ಉಸಿರು ಹೊರಟಿತು. ಪೂವಪ್ಪನ ಎದೆ ಉಬ್ಬಿತು. ನೋಡು, ಹೊಳೆ ದಾಟಿದರೆ ಸಾಕು, ಕೆಲಸದ ಬೆಲೆ ತಿಳಿದ ಜನ ಇದ್ದಾರೆ ಎಂದುಕೊಂಡ. ದೇರೆಬೈಲಿನವರು ಒಮ್ಮೆ ಬಂದು ನೋಡಬೇಕಿತ್ತು.

ಆದರೆ ಅವನ ಕಣ್ಣು ಸುಮ್ಮನಿರುವ ಕಣ್ಣಲ್ಲ. ಎದುರಿಗಿನ ಮರಳಿನಲ್ಲಿ ಬೂತಾಯಿ ಮೀನು ರಾಶಿಯಾಗಿ ಬಿದ್ದು ವಾಸನೆ ಏಳುತ್ತಿತ್ತು. ಉಪ್ಪು ಹಚ್ಚಿಲ್ಲ, ಹರಡಿಲ್ಲ, ಮೇಲೆ ಗಿಡುಗಗಳು ಸುತ್ತುತ್ತಿದ್ದವು. ಹಾಡಹಗಲಿನಲ್ಲಿ ಮನೆಗಳ ಬಾಗಿಲೆಲ್ಲ ಹಾಕಿತ್ತು. ಮೀನು ಹರಡಬೇಕಾದ ಹೆಂಗಸರು ಒಬ್ಬರೂ ಹೊರಗಿರಲಿಲ್ಲ.

“ಹೆಂಗಸರೆಲ್ಲಿ?”

“ಅದು ಇರುವಾಗ ಅವರನ್ನು ಹೇಗೆ ಹೊರಗೆ ಬಿಡುವುದು ಪೂವಪ್ಪಣ್ಣ? ಗಂಡಸರೂ ಬೆಳಕು ಹರಿಯುವ ಮೊದಲು ಬಲೆಗೆ ಹೋಗ್ತಾ ಇಲ್ಲ.”

ಇಷ್ಟು ಸಣ್ಣದಕ್ಕೆ ಇಷ್ಟು ಹೆದರಿಕೆಯಾ ಎಂದು ಪೂವಪ್ಪ ಬೊಂಡ ಎತ್ತಿದ. ಆ ಹೊತ್ತಿಗೆ ಹಿಂದಿನ ಬಾಗಿಲು ತೆರೆಯಿತು. ಇದಿನಬ್ಬರ ತಾಯಿ ಬೀಫಾತಿಮ್ಮ ಹೊರಗೆ ಬಂದರು. ಹಣ್ಣು ಮುದುಕಿ, ಕಿವಿಯ ಉದ್ದಕ್ಕೂ ಅಲಿಕತ್ತಿನ ಓಲೆಗಳು ತೂಗುತ್ತಿದ್ದವು. ಬೆಂಗ್ರೆಯಲ್ಲಿ ಇದಿನಬ್ಬರ ಮಾತೇ ಮಾತು ಎಂದೆನಲ್ಲ, ಆ ಮಾತು ಹೊರಡುವುದು ಈ ಮುದುಕಿಯ ಬಾಯಿಂದ.

“ಇವನಾ ಪಿಲಿಯನ್ನು ಹಗ್ಗದಲ್ಲಿ ಕಟ್ಟಿ ತರುವವ?” ಎಂದು ಅವರು ಅಚ್ಚ ತುಳುವಿನಲ್ಲಿ ಕೇಳಿದರು. “ಹೆಸರು ಹೇಳಲಿಕ್ಕೆ ಇವರಿಗೆಲ್ಲ ಹೆದರಿಕೆ. ನನಗಿಲ್ಲ. ಪಿಲಿ! ನಮ್ಮ ಆಡಿನ ಮರಿಯನ್ನು ಕಚ್ಚಿಕೊಂಡು ಹೋಯಿತು. ನಾನೇ ಕಣ್ಣಾರೆ ಕಂಡೆ, ಮೈಯೆಲ್ಲ ಪಟ್ಟೆ ಪಟ್ಟೆ.”

ಪಿಲಿ ಎಂದರೆ ಹುಲಿ. ಪೂವಪ್ಪನ ಗಂಟಲಿನಲ್ಲಿ ಬೊಂಡದ ನೀರು ಅಲ್ಲೇ ನಿಂತಿತು.

ಇದಿನಬ್ಬರು ಗಾಬರಿಯಿಂದ ತಾಯಿಯನ್ನು ಸುಮ್ಮನಿರಿಸಲು ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಆ ಮಾತಿನಲ್ಲಿ ‘ನರಿ’ ಎಂಬ ಶಬ್ದ ಬಂತು. ಪೂವಪ್ಪನ ತಲೆಯಲ್ಲಿ ಆಗ ದೀಪ ಹೊತ್ತಿತು. ಬ್ಯಾರಿಗಳು ಹುಲಿಗೆ ನರಿ ಎನ್ನುತ್ತಾರೆ! ಕುದ್ಕೆಗೆ ಅವರಲ್ಲಿ ಬೇರೆಯೇ ಹೆಸರು. ಅವನು ಇದನ್ನು ಬಂದರಿನ ಸಂತೆಯಲ್ಲಿ ಎಷ್ಟೋ ಸಲ ಕೇಳಿದ್ದ, ಈಗ ಬೇಕಾದಾಗ ನೆನಪಾಗಿರಲಿಲ್ಲ ಅಷ್ಟೇ.

ಆದದ್ದು ಇಷ್ಟು. ಇದಿನಬ್ಬರಿಗೂ ತುಳು ನೀರು ಕುಡಿದ ಹಾಗೆ, ಲೋಕಯ್ಯನಿಗೂ ಹಾಗೆಯೇ. ತುಳುವಿನಲ್ಲಿ ಮಾತಾಡಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಬಿಲ್ಲೆ ಹಾಕಿದ ಲೋಕಯ್ಯ ಕನ್ನಡ ಬಿಟ್ಟು ಇಳಿಯಲಿಲ್ಲ, ಕಚೇರಿಯ ಮೆಟ್ಟಿಲಲ್ಲಿ ನಿಂತ ಇದಿನಬ್ಬರೂ ಕನ್ನಡಕ್ಕೆ ಏರಿದರು. ನಮ್ಮ ನರಿ ಕನ್ನಡದಲ್ಲಿಯೂ ನರಿಯೇ ಇರಬೇಕು ಎಂದುಕೊಂಡು “ಬೆಂಗ್ರೆಗೆ ನರಿ ಬಂದುಂಟು” ಎಂದರು. ಲೋಕಯ್ಯ ಮೀಸೆ ತಿರುವಿ, “ನರಿಗೆಲ್ಲ ನಾನು ಬರುವುದುಂಟಾ? ನಮ್ಮ ಭಾವ ಸಾಕು, ಹಗ್ಗದಲ್ಲಿ ಕಟ್ಟಿ ತರ್ತಾನೆ” ಎಂದ. ಹುಲಿಯೆಂದರೆ ಕಾಲಿನ ಧೂಳು ಎನ್ನುವ ಮನೆತನ ಇದು ಎಂದು ಇದಿನಬ್ಬರು ದಂಗಾಗಿ ಊರಿಗೆ ಬಂದು ಸಾರಿದರು. ಮಗಳು ಮಡಿಲಲ್ಲಿ ಹಾಲು ಕುಡಿಸಿದ ಮರಿ ಯಾವುದೆಂದು ಈ ಜನ ತಿಳಿದುಕೊಂಡಿದ್ದಾರೆ ಎಂಬುದು ಹೊಳೆದಾಗ ಪೂವಪ್ಪನ ಕಿವಿ ಬಿಸಿಯಾಯಿತು.

ಅವನು ಬೊಂಡವನ್ನು ಕೆಳಗಿಟ್ಟ. ಕೈ ನಡುಗಿ ಸ್ವಲ್ಪ ನೀರು ಮರಳಿಗೆ ಚೆಲ್ಲಿತು. ಬೀಫಾತಿಮ್ಮನ ಕಣ್ಣು ಆ ಕೈಯ ಮೇಲೆ ಒಂದು ಕ್ಷಣ ನಿಂತು ಮೇಲಕ್ಕೆ ಬಂತು.

ಪೂವಪ್ಪನಿಗೆ ಹೆದರಿಕೆಯಾಯಿತು. ಅದರಲ್ಲಿ ಸುಳ್ಳು ಹೇಳುವಂಥದ್ದೇನಿದೆ? ಹೆಗಲಲ್ಲಿ ಇದ್ದದ್ದು ನರಿಯ ಕುತ್ತಿಗೆಯ ಅಳತೆಗೆ ಕಟ್ಟಿದ ಉರುಳು. ‘ನಾನು ಕುದ್ಕೆ ಹಿಡಿಯುವವನು ಮಾರಾಯರೇ, ಇದು ನನ್ನಿಂದಾಗದು’ ಎಂದು ಹೇಳಿ ಮುಂದಿನ ದೋಣಿ ಹತ್ತಬಹುದಿತ್ತು. ಆದರೆ ಈಗಷ್ಟೇ ಜೀವಮಾನದಲ್ಲಿ ಮೊದಲ ಬಾರಿ ಕುರ್ಚಿಯ ಕೈ ಮೇಲೆ ಕೈ ಇಟ್ಟಿದ್ದ. ಅದೂ ಅಲ್ಲದೆ, ನೆಲ ನೋಡದೆ ಉಂಟು ಎನ್ನುವುದೂ ಇಲ್ಲ ಎನ್ನುವುದೂ ಅಪ್ಪ ಕಲಿಸಿದ ಕ್ರಮ ಅಲ್ಲ.

“ಮೊದಲು ಜಾಗ ನೋಡ್ತೇನೆ” ಎಂದು ಎದ್ದ. “ಯಾರೂ ಹಿಂದೆ ಬರಬೇಡಿ.”

ಕೊನೆಯ ಮಾತನ್ನು ಜನ ಶೌರ್ಯ ಎಂದುಕೊಂಡರು. ನಿಜವಾಗಿ ಅವನಿಗೆ ತನ್ನ ಮೊಣಕಾಲು ಯಾರೂ ನೋಡಬಾರದಿತ್ತು.

ಮನೆಗಳ ಸಾಲು ಮುಗಿದ ಮೇಲೆ ಮರಳು, ಅಲ್ಲಲ್ಲಿ ಗಾಳಿಮರ, ದೂರದಲ್ಲಿ ಕೇದಗೆಯ ದೊಡ್ಡ ಪೊದೆ. ಪೂವಪ್ಪ ಪೊದೆಯನ್ನು ನೋಡುವುದಕ್ಕಿಂತ ಹೆಚ್ಚು ಬೊಳ್ಳನ ಬಾಲವನ್ನು ನೋಡುತ್ತಾ ನಡೆದ. ಹುಲಿಯ ವಾಸನೆ ಬಂದರೆ ನಾಯಿಯ ಬಾಲ ಕಾಲಿನ ಸಂದಿಗೆ ಹೋಗಬೇಕು. ಬೊಳ್ಳನ ಬಾಲ ಇನ್ನೂ ಮೇಲಿತ್ತು. ಆದರೆ ಬೊಳ್ಳ ಹುಟ್ಟಿದ ಮೇಲೆ ಹುಲಿಯ ವಾಸನೆ ಕಂಡದ್ದಾದರೂ ಯಾವಾಗ? ಅದಕ್ಕೂ ಗೊತ್ತಿಲ್ಲ, ಇವನಿಗೂ ಗೊತ್ತಿಲ್ಲ.

ಒಣ ಮರಳಿನ ದಿಬ್ಬದಲ್ಲಿ ಹೆಜ್ಜೆ ಸಿಕ್ಕಿತು. ಊಟದ ಬಟ್ಟಲಿನಷ್ಟು ಅಗಲ. ಹೆಜ್ಜೆಗಳ ನಡುವೆ ನೆಲಕ್ಕೆ ಏನೋ ಎಳೆದ ಗೆರೆ, ಉದ್ದ ಬಾಲ ಎಳೆದ ಹಾಗೆ. ಪೂವಪ್ಪನಿಗೆ ಮನೆ, ವಾರಿಜಾಕ್ಷಿ, ಮಗಳು ಎಲ್ಲ ಒಮ್ಮೆಗೇ ಕಣ್ಣಿಗೆ ಕಟ್ಟಿದರು. ಓಡಬೇಕೆನಿಸಿತು. ಆದರೆ ಕಾಲು ತಾನಾಗಿ ಬಗ್ಗಿತು, ಕೈ ತಾನಾಗಿ ಹೆಜ್ಜೆಯ ಅಂಚು ಮುಟ್ಟಿತು, ಅಷ್ಟು ವರ್ಷದ ಅಭ್ಯಾಸ ಹೆದರಿಕೆಗೆ ಕೇಳಿ ನಡೆಯುವುದಿಲ್ಲ. ಮುಟ್ಟಿದ ಕೂಡಲೇ ಅಂಚು ಕುಸಿದು ಹೆಜ್ಜೆ ಇನ್ನಷ್ಟು ಅಗಲವಾಯಿತು.

ಅವನು ಅಲ್ಲೇ ಕುಳಿತ. ಒಣ ಮರಳು! ಇಲ್ಲಿ ಬೆಕ್ಕು ನಡೆದರೂ ಕುಸಿದು ಕುಸಿದು ಆನೆಯ ಹೆಜ್ಜೆ ಆದೀತು. ಹೆಜ್ಜೆ ನೋಡಬೇಕಾದದ್ದು ಹಸಿ ನೆಲದಲ್ಲಿ. ಎದ್ದು ಹೊಳೆಯ ಬದಿಗೆ ಇಳಿದ. ಉಬ್ಬರ ಇಳಿದ ಕೆಸರಿನಲ್ಲಿ ಅದೇ ಸಾಲು ಮುಂದುವರಿದಿತ್ತು, ಈಗ ಚೊಕ್ಕವಾಗಿ, ಅಚ್ಚು ಒತ್ತಿದ ಹಾಗೆ. ಸಣ್ಣ ಹೆಜ್ಜೆ, ಎದುರಿಗೆ ಉಗುರಿನ ಚುಚ್ಚು. ಹುಲಿ ನಡೆಯುವಾಗ ಉಗುರು ಒಳಗೆ ಇಟ್ಟುಕೊಳ್ಳುತ್ತದೆ. ಉಗುರು ಹೊರಗೆ ಹಾಕಿ, ಹೆಜ್ಜೆಗೆ ಹೆಜ್ಜೆ ಜೋಡಿಸಿ, ನೂಲು ಹಿಡಿದ ಹಾಗೆ ನೇರ ನಡೆಯುವವನು ಯಾರೆಂದು ಪೂವಪ್ಪನಿಗೆ ಯಾರಾದರೂ ಹೇಳಿಕೊಡಬೇಕೇ? ಪಕ್ಕದಲ್ಲೇ ಹಿಕ್ಕೆ, ಒಳಗೆ ಏಡಿಯ ಚಿಪ್ಪು, ಮೀನಿನ ಹುರುಪೆ.

ಕೇದಗೆಯ ಮುಳ್ಳಿನಲ್ಲಿ ಉಳಿದದ್ದೂ ಸಿಕ್ಕಿತು. ತೊಗಟೆಯ ಕಷಾಯದಲ್ಲಿ ಅದ್ದಿ ಕಪ್ಪಾಗಿಸಿದ ಬಲೆಯ ತುಂಡು, ಅದಕ್ಕೆ ಅಂಟಿದ ಕೆಂಚು ಕೂದಲು. ಒಣಗಲು ಹಾಕಿದ ಬಲೆಯಿಂದ ಮೀನು ಕದಿಯಲು ಹೋಗಿ ಇದು ಸಿಕ್ಕಿಬಿದ್ದಿದೆ, ಕಚ್ಚಿ ಹರಿದುಕೊಂಡು ಬಲೆಯ ತುಂಡು ಸಮೇತ ಓಡಿದೆ. ಕೆಂಚು ಮೈಯ ಮೇಲೆ ಕಪ್ಪು ಬಲೆಯ ಸುತ್ತು, ಮುಸ್ಸಂಜೆಯಲ್ಲಿ ನೋಡಿದರೆ ಪಟ್ಟೆ ಪಟ್ಟೆ. ಹಿಂದೆ ಎಳೆಯುವ ಬಲೆಯ ತುದಿಯೇ ಆ ಉದ್ದ ಬಾಲ.

“ಬೊಳ್ಳಾ,” ಎಂದು ಪೂವಪ್ಪ ನಗುತ್ತಾ ನಾಯಿಯ ತಲೆ ತಟ್ಟಿದ, “ನವರಾತ್ರಿಯ ಮಾರ್ನೆಮಿಗೆ ಇನ್ನೂ ಎಷ್ಟು ತಿಂಗಳುಂಟು, ಇವನು ಈಗಲೇ ಪಿಲಿವೇಷ ಹಾಕಿದ್ದಾನೆ ಮಾರಾಯ!”

ಆಮೇಲಿನದು ಅವನ ಸ್ವಂತ ರಾಜ್ಯ. ನರಿ ಹಗಲು ಮಲಗುವುದು ಪೊದೆಯ ನಡುವೆ, ಏಡಿ ತಿನ್ನಲು ಇಳಿಯುವುದು ಹೊಳೆಯ ಬದಿಯ ಸಣ್ಣ ಕಂಡಿಯಲ್ಲಿ. ಗಾಳಿ ಈಗ ನೆಲದ ಕಡೆಯಿಂದ ಇದೆ, ಮಧ್ಯಾಹ್ನ ತಿರುಗಿ ಕಡಲಿನಿಂದ ಬೀಸುತ್ತದೆ. ಅವನು ಕಂಡಿಯಲ್ಲಿ ಉರುಳು ಕಟ್ಟಿ, ಹಗ್ಗಕ್ಕೆ ಕೆಸರು ಹಚ್ಚಿ, ತನ್ನ ಹೆಜ್ಜೆಯನ್ನು ಸೊಪ್ಪಿನಿಂದ ಒರೆಸಿ, ಗಾಳಿಮರದ ನೆರಳಿನಲ್ಲಿ ಎಲೆಯಡಿಕೆ ಹಾಕಿ ಕುಳಿತ. ಕಡಲ ಗಾಳಿ ಮುಖಕ್ಕೆ ತಾಗಿದ ಮೇಲೆ ಬೊಳ್ಳನೊಂದಿಗೆ ಸುತ್ತು ಹಾಕಿ ಕಡಲ ಬದಿಯಿಂದ ಪೊದೆಯತ್ತ ನಡೆದ. ಓಡಿಸಲಿಲ್ಲ, ಕೂಗಲಿಲ್ಲ. ಅವನ ಮೈಯ ವಾಸನೆಯನ್ನು ಗಾಳಿಯೇ ಹೊತ್ತು ಒಳಗೆ ಕೊಟ್ಟಿತು. ಪೊದೆ ಅಲ್ಲಾಡಿತು, ಹೊಳೆಯ ಬದಿಯಲ್ಲಿ ಒಂದು ಚೀತ್ಕಾರ ಕೇಳಿಸಿತು.

ಉರುಳಿನಲ್ಲಿ ಸಿಕ್ಕಿದ್ದು ಬಡಕಲು ಗಂಡುನರಿ, ಮೈಗೆಲ್ಲ ಬಲೆ ಬಿಗಿದು ಹುಣ್ಣಾಗಿತ್ತು. ಪೂವಪ್ಪ ಗೋಣಿ ಮುಚ್ಚಿ ಕಾಲು ಕಟ್ಟುತ್ತಿರುವಾಗ ಮರಳಿನಲ್ಲಿ ಯಾರೋ ಬೊಬ್ಬೆ ಹಾಕುತ್ತಾ ಓಡಿ ಬರುವುದು ಕೇಳಿಸಿತು. ಲೋಕಯ್ಯ! ಕೈಯಲ್ಲಿ ಕೋವಿ, ಪೇಟ ಬಿಚ್ಚಿ ಹೆಗಲ ಮೇಲೆ.

“ಭಾವಾ! ಬೇಡ ಭಾವಾ! ಅದು ಪಿಲಿ! ದಕ್ಕೆಯಲ್ಲಿ ಜನ ಹೇಳಿ ಈಗ ಗೊತ್ತಾಯಿತು!”

ಇಷ್ಟು ಮಾತ್ರ ಲೋಕಯ್ಯನ ಪರವಾಗಿ ಹೇಳಲೇಬೇಕು. ವಿಷಯ ತಿಳಿದ ಗಳಿಗೆಯೇ ಕೋವಿ ತೆಗೆದುಕೊಂಡು ಓಡಿ ಬಂದಿದ್ದ, ಹೆದರಿಕೊಂಡೇ ಬಂದಿದ್ದ, ಆದರೂ ಬಂದಿದ್ದ. ಗೋಣಿಯ ಸಂದಿನಿಂದ ನರಿಯ ಮೂತಿ ಕಂಡಾಗ ಅವನು ಮರಳಿನಲ್ಲಿ ಧೊಪ್ಪನೆ ಕುಳಿತುಬಿಟ್ಟ. ಸ್ವಲ್ಪ ಹೊತ್ತಿಗೆ ಉಸಿರಿನ ಜೊತೆ ಬುದ್ಧಿಯೂ ತಿರುಗಿ ಬಂತು.

“ಭಾವ, ಇಲ್ಲಿ ಯಾರೂ ಇಲ್ಲ,” ಎಂದ ಮೆಲ್ಲಗೆ. “ಇದನ್ನು ಹೊಳೆಗೆ ಬಿಸಾಡು. ಪಿಲಿ ಇತ್ತು, ನಿನ್ನನ್ನು ಕಂಡು ನೀರಿಗೆ ಹಾರಿ ಈಜಿಕೊಂಡು ಹೋಯಿತು ಅಂತ ಹೇಳು. ಸಂಜೆಗೆ ಬಂದರು ಇಡೀ ‘ಪಿಲಿ ಪೂವಪ್ಪ’ ಅನ್ನುತ್ತದೆ. ಕೆಡ್ಡಸಕ್ಕೆ ನೀನೇ ಮುಂದೆ ನಡಿ, ನಾನೇ ಬಿಟ್ಟುಕೊಡ್ತೇನೆ. ಆಣೆ.”

ಅವನಿಗೂ ಅದರಲ್ಲಿ ಲಾಭವಿತ್ತು. ಕಚೇರಿಯ ಮೆಟ್ಟಿಲಲ್ಲಿ ಕನ್ನಡ ಮಾಡಲು ಹೋಗಿ ಭಾವನನ್ನು ಬರಿ ಹಗ್ಗದೊಂದಿಗೆ ಹುಲಿಗೆ ಕಳಿಸಿದ ಜವಾನ ಎಂಬ ಕೀರ್ತಿ ಅವನಿಗೆ ಬೇಡವಾಗಿತ್ತು.

ಪೂವಪ್ಪನಿಗೆ ಆಸೆಯಾಯಿತು, ಬಹಳ ಆಸೆಯಾಯಿತು. ಪಿಲಿ ಪೂವಪ್ಪ! ಅಪ್ಪನಿಗೂ ಸಿಗದ ಹೆಸರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮಗಳನ್ನು ‘ಕುದ್ಕೆಯ ಮರಿ’ ಎಂದು ಕರೆಯುವವರ ಬಾಯಿ ಒಂದೇ ದಿನದಲ್ಲಿ ಮುಚ್ಚುತ್ತಿತ್ತು. ಅವನು ಮನೆಗಳ ಕಡೆ ನೋಡಿದ. ಬಾಗಿಲುಗಳು ಹಾಕಿಯೇ ಇದ್ದವು. ಮೀನಿನ ರಾಶಿಯ ಮೇಲೆ ಗಿಡುಗಗಳು ಇಳಿದು ಎತ್ತಿಕೊಂಡು ಹೋಗುತ್ತಿದ್ದವು. ಈಜಿ ಹೋದ ಹುಲಿ ನಾಳೆ ಈಜಿ ಬರುವುದಿಲ್ಲ ಎಂದು ಆ ಹೆಂಗಸರಿಗೆ ಯಾರು ಹೇಳುತ್ತಾರೆ? ಇಲ್ಲದ ಹುಲಿಯನ್ನು ಹಿಡಿಯುವ ಉರುಳು ಯಾರ ಹತ್ತಿರವೂ ಇಲ್ಲ. ಅದು ಒಮ್ಮೆ ಊರಿಗೆ ಬಂತೆಂದರೆ ಹೋಗುವುದೇ ಇಲ್ಲ.

ಅವನು ನರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಎಂದೂ ಕನ್ನಡ ಆಡದವನು ಅವತ್ತು ಒಂದು ಮಾತು ಆಡಿದ, ಸ್ಪಷ್ಟವಾಗಿ, ಲೋಕಯ್ಯನದೇ ಧಾಟಿಯಲ್ಲಿ.

“ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಹಾಗಾದೀತು ಭಾವ.”

ಲೋಕಯ್ಯ ಕೋವಿ ಎತ್ತಿಕೊಂಡು ಅವನ ಹಿಂದೆ ನಡೆದ.

ಅಂಗಳದಲ್ಲಿ ಜನ ಕಾದಿದ್ದರು. ಪೂವಪ್ಪ ಆ ಕುರ್ಚಿಯ ಎದುರಿಗೇ ನರಿಯನ್ನು ಇಳಿಸಿ ಗೋಣಿ ತೆಗೆದ. ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಹಿಂದಿನಿಂದ ಒಬ್ಬ ಫಕ್ಕನೆ ನಕ್ಕ, ಅವನ ಹಿಂದೆ ಇನ್ನೊಬ್ಬ, ಕೊನೆಗೆ ಇಡೀ ಬೆಂಗ್ರೆ. ಹಾಶಿಂ ದೋಣಿಯ ಹುಟ್ಟಿಗೆ ಆತುಕೊಂಡು ಕಣ್ಣೀರು ಒರೆಸಿಕೊಂಡ. ದೇರೆಬೈಲಿನ ನಗುವೇ ಹೊಳೆ ದಾಟಿ ಬಂತು ಎಂದು ಪೂವಪ್ಪ ಎದೆ ಗಟ್ಟಿ ಮಾಡಿ ನಿಂತ.

“ಇದೇ ನೀವು ಕಂಡದ್ದು,” ಎಂದ. “ಇದು ಕುದ್ಕೆ. ಕನ್ನಡದಲ್ಲಿ ನರಿ. ನಿಮ್ಮ ನರಿ ಬೇರೆ, ಕನ್ನಡದ ನರಿ ಬೇರೆ. ನಾನು ಕುದ್ಕೆ ಹಿಡಿಯುವವ, ಪಿಲಿ ಹಿಡಿದವ ಅಲ್ಲ. ನನ್ನ ಮಗಳು ಸಾಕಿದ್ದೂ ಇದರ ಮರಿಯನ್ನೇ. ಕುರ್ಚಿಯಲ್ಲಿ ಕೂರಿಸಿದ್ದಕ್ಕೆ ಉಪಕಾರ ಉಂಟು. ಇನ್ನು ಬಾಗಿಲು ತೆರೆಯಿರಿ, ಮೀನು ಹಾಳಾಗ್ತದೆ.”

ಇದಿನಬ್ಬರ ಮುಖ ಬೆಂದ ಏಡಿಯ ಬಣ್ಣಕ್ಕೆ ತಿರುಗಿತು. ನಗು ಈಗ ಅವರ ಕಡೆ ತಿರುಗುವುದರಲ್ಲಿತ್ತು. ಬೀಫಾತಿಮ್ಮ ಬಂದು ನರಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು, ಬಲೆಯನ್ನು ಬೆರಳಿನಿಂದ ಎಳೆದು ನೋಡಿದರು.

“ಬಲೆ ನಮ್ಮದೇ. ಪಟ್ಟೆ ಇತ್ತು ಅಂತ ಹೇಳಿದ್ದು ಸುಳ್ಳಲ್ಲ, ನೋಡಿ” ಎಂದರು ಮೊದಲು. ಮುದುಕಿಗೂ ಮಾನ ಇದೆಯಲ್ಲ. ಆಮೇಲೆ ಎದ್ದು ನಗುವವರ ಕಡೆ ತಿರುಗಿದರು. “ಯಾರು ನಗುವುದು? ಈ ಅಂಗಳದಲ್ಲಿ ನಾನು ಪಿಲಿ ಅಂದಾಗ ಇವನ ಕೈ ನಡುಗಿತು, ನಾನು ಕಂಡಿದ್ದೇನೆ. ಅಲ್ಲಿಯವರೆಗೆ ಇವನಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೂ ಹೋದ, ಒಬ್ಬನೇ, ಈ ನಾಯಿ ಕಟ್ಟಿಕೊಂಡು. ಇವ ಹೋಗುವಾಗ ಅದು ಇವನಿಗೂ ನರಿಯೇ, ನಮ್ಮ ನರಿ! ಇವ ಹತ್ತಿರ ಹೋಗಿ ನೋಡಿದ ಮೇಲಲ್ವಾ ಅದು ಕುದ್ಕೆ ಆದದ್ದು? ನೀವು ಯಾರಾದರೂ ನೋಡಲಿಕ್ಕೆ ಹೋಗಿದ್ದೀರಾ?”

ಯಾರೂ ನಗಲಿಲ್ಲ. ಪೂವಪ್ಪ ತನ್ನ ಕೈಯನ್ನೇ ನೋಡಿಕೊಂಡ. ನಡುಗಿದ ಕೈಯನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದ, ನೋಡಿದವರು ಅದನ್ನೇ ಅವನ ಪಾಲಿಗೆ ಸಾಕ್ಷಿ ಮಾಡಿಬಿಟ್ಟಿದ್ದರು.

“ಕೂರು ಮಗಾ,” ಎಂದು ಮುದುಕಿ ಕುರ್ಚಿ ತೋರಿಸಿದರು. “ಈ ಊರಿನಲ್ಲಿ ನಿನ್ನ ಹೆಸರು ನರಿ ಪೂವಪ್ಪ. ಕನ್ನಡದವರು ಅವರಿಗೆ ಬೇಕಾದ ಹಾಗೆ ತಿಳಿದುಕೊಳ್ಳಲಿ.”

ಅವನು ಕುಳಿತು ಮತ್ತೊಂದು ಬೊಂಡ ಕುಡಿಯುವಷ್ಟರಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಬುಟ್ಟಿ, ಉಪ್ಪು ಹಿಡಿದುಕೊಂಡು ಮೀನಿನ ರಾಶಿಗೆ ಇಳಿದರು, ಗಿಡುಗಗಳು ಕಿರುಚುತ್ತಾ ಎದ್ದವು. ನರಿಯನ್ನು ಅವನು ಬುಟ್ಟಿಯಲ್ಲಿ ಕಟ್ಟಿ ದೋಣಿಗೆ ಏರಿಸಿದ. ಆಚೆ ದಡದ ಯಾವುದೋ ಗುಡ್ಡದ ಬುಡದಲ್ಲಿ ಬಲೆ ಕತ್ತರಿಸಿ ಬಿಟ್ಟನೆಂದೂ, ಓಡುವ ಮೊದಲು ಅದು ಒಮ್ಮೆ ತಿರುಗಿ ಮುಖ ತೋರಿಸಿತೆಂದೂ ವಾರಿಜಾಕ್ಷಿಗೆ ಮಾತ್ರ ಹೇಳಿದ.

ಕೆಡ್ಡಸದ ದಿನ ದೇರೆಬೈಲಿನಲ್ಲಿ ಬೇಟೆಯ ಸಾಲು ನಿಂತಿತ್ತು. ಪೂವಪ್ಪ ಎಂದಿನ ಹಾಗೆ ಬಾಲದಲ್ಲಿ, ನಾಯಿಗಳ ಹಗ್ಗ ಹಿಡಿದು. ಬೆಂಗ್ರೆಯ ಕತೆಯನ್ನು ಅವನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಲೋಕಯ್ಯನಂತೂ ಹೇಳುವುದಿಲ್ಲವಲ್ಲ. ಆಗ ಗದ್ದೆಯ ಬದುವಿನ ಮೇಲೆ ಕೋಟು ಹಾಕಿದ ಇದಿನಬ್ಬರು ಕಂಡರು, ಅವರ ಹಿಂದೆ ಒಣಮೀನಿನ ಬುಟ್ಟಿ ಹೊತ್ತ ಹಾಶಿಂ.

“ನರಿ ಪೂವಪ್ಪ ಎಲ್ಲಿದ್ದಾರೆ?” ಎಂದು ಇದಿನಬ್ಬರು ದೂರದಿಂದಲೇ ಕೇಳಿದರು. “ಉಮ್ಮ ಕಳಿಸಿದ್ದು” ಎಂದು ತಾಯಿ ಕೊಟ್ಟ ಬುಟ್ಟಿ ತೋರಿಸಿದರು.

ಸಾಲಿಗೆ ಸಾಲೇ ಗೊಳ್ಳೆಂದಿತು. “ಕುದ್ಕೆ ಹೋಗಿ ಕನ್ನಡದಲ್ಲಿ ನರಿಯಾಯಿತು ಮಾರಾಯ್ರೇ!” “ಅಯ್ಯೋ ನರಿ ಪೂವಪ್ಪ!” ಪೂವಪ್ಪನೂ ನಕ್ಕ. ಈ ಸಲ ಅವನಿಗೆ ನಿಜವಾಗಿಯೇ ನಗು ಬಂದಿತ್ತು. ಎದೆಯ ಮುಳ್ಳು ಯಾವಾಗ ಬಿದ್ದುಹೋಯಿತೋ ಅವನಿಗೇ ತಿಳಿಯಲಿಲ್ಲ. ಬುಟ್ಟಿ ತೆಗೆದುಕೊಂಡು, ಯಾರಿಗೂ ಏನೂ ಬಿಡಿಸಿ ಹೇಳದೆ, ತಲೆಯೆತ್ತಿ ನಿಂತ.

ನಗದವನು ಒಬ್ಬನೇ. ಲೋಕಯ್ಯ ಸಾಲಿನ ಮುಂದುಗಡೆಯಿಂದ ಹಿಂದಕ್ಕೆ ನಡೆದು ಬಂದ. ಎಲ್ಲರೂ ನೋಡುತ್ತಿರುವಂತೆಯೇ ಪೂವಪ್ಪನ ಕೈಯಿಂದ ನಾಯಿಗಳ ಹಗ್ಗ ಬಿಡಿಸಿ ತನ್ನ ಕೈಗೆ ಸುತ್ತಿಕೊಂಡ.

“ಭಾವ, ನೀನು ಮುಂದೆ ನಡಿ” ಎಂದ.

ಎದೆಯ ಮೇಲೆ ಬಿಲ್ಲೆ ಇತ್ತು. ಆದರೂ ಆ ಮಾತನ್ನು ಅವನು ತುಳುವಿನಲ್ಲೇ ಹೇಳಿದ.